ಪರದೆಯ ಫಿರಂಗಿ, ಇತಿಹಾಸದ ಫಿರಂಗಿ



ನಿಮ್ಮಲ್ಲಿ ಅನೇಕರು ಕಂಪ್ಯೂಟರಿನ ಮುಂದೆ ಕುಳಿತು ಯುದ್ಧವಿಮಾನ ಹಾರಿಸಿರುತ್ತೀರಿ. ಪರದೆಯ ಮೇಲೆ ಎರಡನೆಯ ಮಹಾಯುದ್ಧದ ಆಕಾಶ. ನೀವು ಜರ್ಮನಿಯ ಜೆಟ್ ವಿಮಾನದಲ್ಲಿದ್ದೀರಿ, ಎದುರಿಗೆ ಅಮೆರಿಕದ ದೈತ್ಯ ಬಾಂಬರ್ ವಿಮಾನ. ಗುಂಡಿ ಒತ್ತುತ್ತೀರಿ. ದಪ್ಪನೆಯ ಫಿರಂಗಿ ನಾಲ್ಕು ಬಾರಿ ಗುಡುಗುತ್ತದೆ. ಬಾಂಬರಿನ ರೆಕ್ಕೆ ಮುರಿದು ಬೀಳುತ್ತದೆ. ಪರದೆಯ ಮೂಲೆಯಲ್ಲಿ ನಿಮ್ಮ ಅಂಕ ಏರುತ್ತದೆ.

ಆಟ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಬೇಕು: ನಿಜವಾಗಿ ನಡೆದದ್ದು ಹೀಗೆಯೇ? ಈ ಪ್ರಶ್ನೆಯನ್ನು ಕೇಳಿದ ಕ್ಷಣದಿಂದ ನೀವು ಬರಿಯ ಆಟಗಾರರಲ್ಲ, ಇತಿಹಾಸದ ವಿದ್ಯಾರ್ಥಿಗಳು. ಇತಿಹಾಸಕಾರನ ಮೊದಲ ಕೆಲಸವೂ ಇದೇ ತಾನೆ? ಕಣ್ಣ ಮುಂದೆ ಬಂದ ಚಿತ್ರವನ್ನು ಹಾಗೆಯೇ ನಂಬದೆ, ಅದನ್ನು ಒರೆಗೆ ಹಚ್ಚುವುದು.

ಹಿಂದಿನವರಿಗೆ ಯುದ್ಧದ ಚಿತ್ರ ಕಥೆಗಳಿಂದ ಬರುತ್ತಿತ್ತು, ಆಮೇಲೆ ಸಿನಿಮಾದಿಂದ ಬಂತು. ಈಗ ಅದು ಬಹುಮಟ್ಟಿಗೆ ಆಟಗಳಿಂದ ಬರುತ್ತಿದೆ. 1991ರಲ್ಲಿ ಲ್ಯೂಕಸ್ ಸಂಸ್ಥೆ ಹೊರತಂದ ‘ಸೀಕ್ರೆಟ್ ವೆಪನ್ಸ್ ಆಫ್ ದ ಲುಫ್ತ್‌ವಾಫೆ’, 2001ರಲ್ಲಿ ಒಲೆಗ್ ಮ್ಯಾಡಾಕ್ಸ್ ನೇತೃತ್ವದ ರಷ್ಯದ ತಂಡ ರೂಪಿಸಿದ ‘ಇಲ್-2 ಸ್ಟುರ್ಮೊವಿಕ್’ ಇಂಥ ಆಟಗಳಲ್ಲಿ ಹೆಸರಾದವು. ‘ನಮ್ಮದು ವಾಸ್ತವಕ್ಕೆ ಅತಿ ಹತ್ತಿರ’ ಎಂದು ಹೇಳಿಕೊಳ್ಳದ ಆಟವೇ ಇಲ್ಲ. ಆ ಮಾತನ್ನು ಪರೀಕ್ಷಿಸಲು ವಿಮಾನದ ಭಾರಿ ಫಿರಂಗಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಅದರ ತೂಕ, ವೇಗ, ಗುಂಡುಗಳ ಸಂಖ್ಯೆ ಎಲ್ಲವೂ ದಾಖಲೆಯಲ್ಲಿವೆ. ನೀವು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಈ ಪರೀಕ್ಷೆಗೆ ಸಾಕು.

ವಿಮಾನಕ್ಕೆ ಫಿರಂಗಿ ಏಕೆ ಬಂತು?

ವಿಮಾನದಲ್ಲಿ ಫಿರಂಗಿ ಇಡುವ ಆಸೆ ಹೊಸದಲ್ಲ. ಒಂದನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಫ್ರಾನ್ಸಿನ ಪ್ರಸಿದ್ಧ ವೈಮಾನಿಕ ಜಾರ್ಜ್ ಗಿನೆಮೇರ್ 37 ಮಿಲಿಮೀಟರ್ ಫಿರಂಗಿಯಿದ್ದ ಸ್ಪಾಡ್-12 ವಿಮಾನವನ್ನು ಹಾರಿಸಿದ. ನಳಿಕೆ ಎಂಜಿನ್ನಿನ ನಡುವಿನಿಂದ ಹಾದು ಪ್ರೊಪೆಲರಿನ ಗುಂಬದಿಂದ ಹೊರಬರುತ್ತಿತ್ತು. ಒಂದು ಗುಂಡು ಹಾರಿಸಿದ ಮೇಲೆ ಮುಂದಿನ ಗುಂಡನ್ನು ಪೈಲಟ್ ಕೈಯಿಂದಲೇ ತುಂಬಬೇಕಿತ್ತು. ಹಾರಿಸಿದಾಗಲೆಲ್ಲ ಹೊಗೆ ಅವನ ಮುಖಕ್ಕೇ ನುಗ್ಗುತ್ತಿತ್ತು. ವಿಮಾನ ನಡೆಸುವುದು, ಗುರಿ ಹಿಡಿಯುವುದು, ಗುಂಡು ತುಂಬುವುದು ಈ ಮೂರನ್ನೂ ಒಬ್ಬನೇ ನಿಭಾಯಿಸಬಲ್ಲ ವೈಮಾನಿಕರು ಬೆರಳೆಣಿಕೆಯಷ್ಟೇ ಇದ್ದರು. ಹೀಗಾಗಿ ಆ ಪ್ರಯೋಗ ವ್ಯಾಪಕವಾಗಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮರ ಮತ್ತು ಬಟ್ಟೆಯ ವಿಮಾನ ಹೋಗಿ ಲೋಹದ ವಿಮಾನ ಬಂತು. ಪೈಲಟ್ಟಿನ ಹಿಂದೆ ಉಕ್ಕಿನ ತಗಡು ಬಂತು, ತೂತು ಬಿದ್ದರೂ ತಾನೇ ಮುಚ್ಚಿಕೊಳ್ಳುವ ಇಂಧನದ ತೊಟ್ಟಿ ಬಂತು. ಬಂದೂಕಿನ ಗಾತ್ರದ ಗುಂಡುಗಳು ಇಂಥ ವಿಮಾನಕ್ಕೆ ಸಾಲದೆ ಹೋದವು. ಆಗ 20 ಮಿ.ಮೀ. ಫಿರಂಗಿಗಳು ರೂಢಿಗೆ ಬಂದವು. ಫಿರಂಗಿಗೂ ಮೆಷಿನ್ ಗನ್ನಿಗೂ ಮುಖ್ಯ ವ್ಯತ್ಯಾಸವನ್ನು ನೆನಪಿಡಿ: ಮೆಷಿನ್ ಗನ್ನಿನ ಗುಂಡು ತೂತು ಮಾಡುತ್ತದೆ, ಫಿರಂಗಿಯ ಗುಂಡು ಒಳಹೊಕ್ಕು ಸಿಡಿಯುತ್ತದೆ.

1943ರ ಹೊತ್ತಿಗೆ ಅಮೆರಿಕದ ನಾಲ್ಕು ಎಂಜಿನ್ನಿನ ಬಿ-17 ಬಾಂಬರುಗಳು ಜರ್ಮನಿಯ ಮೇಲೆ ಹಗಲಿನಲ್ಲೇ ಹಿಂಡುಹಿಂಡಾಗಿ ಬರತೊಡಗಿದವು. ಇಂಥದೊಂದು ವಿಮಾನವನ್ನು ಕೆಡವಲು 20 ಮಿ.ಮೀ. ಗುಂಡುಗಳು ಸರಾಸರಿ ಇಪ್ಪತ್ತರಷ್ಟಾದರೂ ತಗುಲಬೇಕು ಎಂದು ಜರ್ಮನ್ ವಾಯುಪಡೆ ಲೆಕ್ಕ ಹಾಕಿತು. ಅಷ್ಟು ಗುಂಡು ತಗುಲಿಸುವ ಕೈ ಎಷ್ಟು ಜನ ಪೈಲಟ್‌ಗಳಿಗಿದ್ದೀತು? ಅದಕ್ಕೆ ಅವರು ಕಂಡುಕೊಂಡ ಉತ್ತರವೇ ರೈನ್‌ಮೆಟಾಲ್-ಬೋರ್ಸಿಗ್ ಸಂಸ್ಥೆಯ ಎಂ.ಕೆ. 108 ಎಂಬ 30 ಮಿ.ಮೀ. ಫಿರಂಗಿ. ಅದರ ಗುಂಡಿನ ತೂಕ ಸುಮಾರು 330 ಗ್ರಾಂ. ಗೋಡೆಯನ್ನು ತೀರ ತೆಳುವಾಗಿಸಿ, ಒಳಗೆ ಸುಮಾರು 85 ಗ್ರಾಂ ಸಿಡಿಮದ್ದು ತುಂಬಿದ್ದರು. ಚೂರುಗಳಿಗಿಂತ ಸ್ಫೋಟದ ಒತ್ತಡದಿಂದಲೇ ವಿಮಾನದ ಮೈಯನ್ನು ಹರಿಯುವುದು ಇದರ ಉದ್ದೇಶ. ಇಂಥ ಗುಂಡು ಸರಾಸರಿ ನಾಲ್ಕು ತಗುಲಿದರೆ ಬಾಂಬರ್ ಬೀಳುತ್ತದೆ ಎಂಬುದು ಅವರ ಅಂದಾಜು.

ಆಟದಲ್ಲಿ ನಾಲ್ಕು ಗುಂಡಿಗೆ ಬಾಂಬರ್ ಮುರಿದುಬಿದ್ದದ್ದು ಸುಳ್ಳೇನಲ್ಲ ಎಂದಾಯಿತು. ಆದರೆ ‘ಸರಾಸರಿ’ ಎಂಬ ಪದವನ್ನು ಗಮನಿಸಿ. ಒಂದೇ ಗುಂಡಿಗೆ ಬಿದ್ದ ವಿಮಾನಗಳೂ ಇದ್ದವು, ಪೆಟ್ಟು ತಿಂದೂ ಮನೆ ಸೇರಿದವೂ ಇದ್ದವು. ಹಳೆಯ ಆಟಗಳಲ್ಲಿ ಪ್ರತಿಯೊಂದು ವಿಮಾನಕ್ಕೂ ಇಷ್ಟು ‘ಜೀವ’ ಎಂದು ಒಂದು ಸಂಖ್ಯೆ ಇರುತ್ತಿತ್ತು. ಗುಂಡು ತಗುಲಿದಂತೆಲ್ಲ ಆ ಸಂಖ್ಯೆ ಇಳಿದು ಸೊನ್ನೆಯಾದಾಗ ವಿಮಾನ ಬೀಳುತ್ತಿತ್ತು. ಅಲ್ಲಿ ಸರಾಸರಿಯೇ ನಿಯಮವಾಗಿಬಿಟ್ಟಿತ್ತು. ಈಚಿನ ಆಟಗಳು ಗುಂಡು ತಗುಲಿದ್ದು ಎಂಜಿನ್ನಿಗೋ, ಇಂಧನದ ತೊಟ್ಟಿಗೋ, ರೆಕ್ಕೆಯ ತೊಲೆಗೋ ಎಂದು ಬೇರೆಬೇರೆಯಾಗಿ ಲೆಕ್ಕ ಹಾಕುತ್ತವೆ. ಇದು ದೊಡ್ಡ ಸುಧಾರಣೆ.

ಗುಂಡು ಬೀಳುವ ಲೆಕ್ಕ

ಈಗ ಪೆನ್ಸಿಲು ಕಾಗದ ತೆಗೆದುಕೊಳ್ಳಿ. ಎಂ.ಕೆ. 108ರ ನಳಿಕೆ ಬಹಳ ಗಿಡ್ಡ. ಅದರಿಂದ ಹೊರಡುವ ಗುಂಡಿನ ವೇಗ ಸೆಕೆಂಡಿಗೆ ಸುಮಾರು 540 ಮೀಟರ್. ಅದೇ ಕಾಲದ ಅಮೆರಿಕದ ಅರ್ಧ ಇಂಚಿನ ಬ್ರೌನಿಂಗ್ ಮೆಷಿನ್ ಗನ್ನಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 870 ಮೀಟರ್.

ಗುರಿಯಾದ ವಿಮಾನ ನಿಮ್ಮಷ್ಟೇ ವೇಗದಲ್ಲಿ 500 ಮೀಟರ್ ಮುಂದೆ ಓಡುತ್ತಿದೆ ಎಂದುಕೊಳ್ಳಿ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆಯೋಣ. ಎಂ.ಕೆ. 108ರ ಗುಂಡು ಅಲ್ಲಿಗೆ ತಲುಪಲು 500ನ್ನು 540ರಿಂದ ಭಾಗಿಸಿದಷ್ಟು, ಅಂದರೆ 0.93 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಗುರುತ್ವದಿಂದ ಅದು ಎಷ್ಟು ಕೆಳಗಿಳಿಯುತ್ತದೆ? 9.8ರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿ. ಉತ್ತರ ನಾಲ್ಕು ಮೀಟರಿಗಿಂತ ಹೆಚ್ಚು. ಬ್ರೌನಿಂಗ್ ಗುಂಡಿಗೆ ಇದೇ ಲೆಕ್ಕ ಮಾಡಿದರೆ ಒಂದೂವರೆ ಮೀಟರಿನ ಆಸುಪಾಸು ಬರುತ್ತದೆ. ಗಾಳಿಯ ತಡೆಯನ್ನು ಸೇರಿಸಿದರೆ ಎರಡೂ ಹೆಚ್ಚುತ್ತವೆ. ಮೊಂಡು ಮೂತಿಯ ಜರ್ಮನ್ ಗುಂಡಿನದು ಇನ್ನೂ ಹೆಚ್ಚು.

ಆ ಒಂದು ಸೆಕೆಂಡಿನಲ್ಲಿ ಮತ್ತೊಂದು ಸಂಗತಿಯೂ ನಡೆಯುತ್ತದೆ. ಗಂಟೆಗೆ 600 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಅಷ್ಟರಲ್ಲಿ 150 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅದು ಸ್ವಲ್ಪ ತಿರುಗಿದರೂ ನಿಮ್ಮ ಗುಂಡು ಬರಿಯ ಆಕಾಶಕ್ಕೆ. ನೇರವಾಗಿ ಹಾರುವ ಬಾಂಬರಿಗೆ ಯಮನಾಗಿದ್ದ ಈ ಫಿರಂಗಿ, ಚುರುಕಾಗಿ ತಿರುಗುವ ಸಣ್ಣ ಕಾದಾಟದ ವಿಮಾನದ ಎದುರು ಅಷ್ಟೊಂದು ಉಪಯೋಗಕ್ಕೆ ಬರುತ್ತಿರಲಿಲ್ಲ.

ನಿಮ್ಮ ಆಟ ನಿಜವೋ ಸುಳ್ಳೋ ಎಂದು ನೋಡಲು ಇದು ಸುಲಭದ ಪರೀಕ್ಷೆ. ಆಟದಲ್ಲಿ ಎಂ.ಕೆ. 108ರ ಗುಂಡು ನೂಲು ಹಿಡಿದಂತೆ ನೆಟ್ಟಗೆ ಹೋದರೆ ಆ ಆಟ ಲೆಕ್ಕ ತಪ್ಪಿದೆ. ಗುಂಡು ಬಾಗಿ ಇಳಿದು, ನೀವು ಗುರಿಗಿಂತ ಮೇಲಕ್ಕೆ ಹಿಡಿಯಬೇಕಾಗಿ ಬಂದರೆ ಆಟ ಬರೆದವನು ದಾಖಲೆಗಳನ್ನು ಓದಿದ್ದಾನೆ. ಈ ವಿಷಯದಲ್ಲಿ ಇಂದಿನ ಒಳ್ಳೆಯ ಆಟಗಳು ಸಾಕಷ್ಟು ಪ್ರಾಮಾಣಿಕವಾಗಿವೆ.

ಹಿಂದೊದೆತ: ಪುರಾಣವೆಷ್ಟು, ನಿಜವೆಷ್ಟು?

ಭಾರಿ ಫಿರಂಗಿ ಹಾರಿಸಿದರೆ ವಿಮಾನ ಆಕಾಶದಲ್ಲಿ ನಿಂತೇಬಿಡುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಕೆಲವು ಆಟಗಳೂ ಹಾಗೆಯೇ ತೋರಿಸುತ್ತವೆ. ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಹಿಂದೊದೆತ ಇರಲೇಬೇಕು. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ.

ಬ್ರಿಟಿಷರ ಮಾಸ್ಕಿಟೋ ವಿಮಾನದ ಒಂದು ಬಗೆಗೆ 57 ಮಿ.ಮೀ. ಫಿರಂಗಿ ಅಳವಡಿಸಿದ್ದರು. ಭೂಸೈನ್ಯದ ಟ್ಯಾಂಕ್ ವಿರೋಧಿ ತೋಪಿಗೆ ತಾನೇ ಗುಂಡು ತುಂಬಿಕೊಳ್ಳುವ ಯಂತ್ರ ಜೋಡಿಸಿದವರು ಮಾಲಿನ್ಸ್ ಸಂಸ್ಥೆಯವರು. ಅವರ ಮೂಲ ಕಸುಬು ಸಿಗರೇಟು ಮಾಡುವ ಯಂತ್ರಗಳ ತಯಾರಿಕೆ! ಆ ವಿಮಾನಕ್ಕೆ ‘ಟ್ಸೆಟ್ಸಿ’ ಎಂದು ಆಫ್ರಿಕದ ಕಚ್ಚುವ ನೊಣದ ಹೆಸರು ಬಿತ್ತು. 1944ರ ಮಾರ್ಚ್ 25ರಂದು ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಬಳಿ ಇಂಥ ವಿಮಾನಗಳು ಯು-976 ಎಂಬ ಜರ್ಮನ್ ಜಲಾಂತರ್ಗಾಮಿಯನ್ನು ಮುಳುಗಿಸಿದವು.

ಈಗ ಸಂವೇಗದ ಲೆಕ್ಕ ಮಾಡೋಣ. ಗುಂಡಿನ ತೂಕ ಸುಮಾರು 3 ಕಿಲೋ, ವೇಗ ಸೆಕೆಂಡಿಗೆ ಸುಮಾರು 850 ಮೀಟರ್. ಎರಡನ್ನೂ ಗುಣಿಸಿದರೆ 2,550. ಗುಂಡಿನ ಜೊತೆ ಹೊರನುಗ್ಗುವ ಅನಿಲದ ಪಾಲನ್ನೂ ಧಾರಾಳವಾಗಿ ಸೇರಿಸಿ 4,000 ಎನ್ನೋಣ. ವಿಮಾನದ ತೂಕ ಒಂಬತ್ತೂವರೆ ಟನ್ ಎಂದಿಟ್ಟುಕೊಂಡರೆ, ಒಂದು ಗುಂಡಿಗೆ ಅದರ ವೇಗ ಕಡಿಮೆಯಾಗುವುದು ಸೆಕೆಂಡಿಗೆ 0.4 ಮೀಟರಿನಷ್ಟು, ಅಂದರೆ ಗಂಟೆಗೆ ಸುಮಾರು ಒಂದೂವರೆ ಕಿಲೋಮೀಟರ್. ಗಂಟೆಗೆ 400 ಕಿ.ಮೀ. ವೇಗದಲ್ಲಿ ಹೋಗುವ ವಿಮಾನಕ್ಕೆ ಇದು ಯಾವ ಲೆಕ್ಕ? ಆ ಫಿರಂಗಿ ಹಾರಿಸುತ್ತಿದ್ದುದು ಸೆಕೆಂಡಿಗೆ ಒಂದೇ ಗುಂಡು. ನಡುವೆ ಎಂಜಿನ್ನುಗಳು ಎಳೆಯುತ್ತಲೇ ಇರುತ್ತವೆ. ವಿಮಾನ ನಿಂತುಬಿಡುವ ಮಾತು ಬರಿಯ ಪುರಾಣ.

ಹಾಗಾದರೆ ಹಿಂದೊದೆತದಿಂದ ತೊಂದರೆಯೇ ಇರಲಿಲ್ಲವೇ? ಇತ್ತು, ಆದರೆ ಬೇರೆ ರೀತಿಯಲ್ಲಿ. ವೇಗ ಕುಗ್ಗದಿದ್ದರೂ ಗುರಿ ತಪ್ಪುತ್ತಿತ್ತು. ಫಿರಂಗಿ ವಿಮಾನದ ಗುರುತ್ವಕೇಂದ್ರದ ನೇರಕ್ಕಿಲ್ಲದೆ ಕೆಳಗಿದ್ದರೆ, ಪ್ರತಿಯೊಂದು ಒದೆತಕ್ಕೂ ಮೂತಿ ಕೆಳಗೆ ಬಾಗುತ್ತದೆ. 1942ರಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ, ಆಮೇಲೆ ಬರ್ಮಾದಲ್ಲಿ ಹೋರಾಡಿದ ಹರಿಕೇನ್ 2-ಡಿ ವಿಮಾನದ ಎರಡೂ ರೆಕ್ಕೆಗಳ ಕೆಳಗೆ ಒಂದೊಂದು 40 ಮಿ.ಮೀ. ಫಿರಂಗಿ ಇತ್ತು. ಒಂದು ಜೊತೆ ಗುಂಡು ಹಾರಿಸಿದೊಡನೆ ಮೂತಿ ಬಾಗುತ್ತಿತ್ತು. ಪೈಲಟ್ ಅದನ್ನು ಎತ್ತಿ ಮತ್ತೆ ಗುರಿ ಹಿಡಿದೇ ಮುಂದಿನ ಜೊತೆಯನ್ನು ಹಾರಿಸಬೇಕು. ನೆಲಕ್ಕೆ ಅಂಟಿಕೊಂಡಂತೆ ಹಾರುವಾಗ, ಎದುರಿನಿಂದ ಗುಂಡು ಬರುತ್ತಿರುವಾಗ ಈ ಕೆಲಸ.

ಸೋವಿಯತ್ ಒಕ್ಕೂಟದ ಇಲ್-2 ವಿಮಾನದ ಒಂದು ಬಗೆಗೆ ರೆಕ್ಕೆಗೊಂದರಂತೆ 37 ಮಿ.ಮೀ. ಫಿರಂಗಿಗಳಿದ್ದವು. ಎರಡೂ ಒಂದೇ ಕ್ಷಣಕ್ಕೆ ಹಾರುತ್ತಿರಲಿಲ್ಲ. ಹೀಗಾಗಿ ವಿಮಾನದ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡುತ್ತಿತ್ತು. ಎರಡು ಮೂರು ಗುಂಡಿಗಿಂತ ಹೆಚ್ಚು ಒಟ್ಟಿಗೆ ಹಾರಿಸಿ ಪ್ರಯೋಜನವಿರಲಿಲ್ಲ. ಯಾಕ್-9-ಕೆ ಎಂಬ ಹಗುರ ವಿಮಾನದ ಮೂತಿಯಲ್ಲಿ 45 ಮಿ.ಮೀ. ಫಿರಂಗಿಯನ್ನೇ ಇಟ್ಟರು. ವೇಗ ಕಡಿಮೆಯಿದ್ದಾಗ ಹಾರಿಸಿದರೆ ವಿಮಾನ ಗಕ್ಕನೆ ತಿರುಗುತ್ತಿತ್ತು, ಪೈಲಟ್ ಆಸನದಲ್ಲಿ ಹಿಂದುಮುಂದಕ್ಕೆ ಎಸೆಯಲ್ಪಡುತ್ತಿದ್ದ. ಅಂಥ ವಿಮಾನಗಳನ್ನು ತಯಾರಿಸಿದ್ದು 53 ಮಾತ್ರ.

ಹೀಗಾಗಿ ಆಟದಲ್ಲಿ ನೋಡಬೇಕಾದದ್ದು ವಿಮಾನ ನಿಲ್ಲುತ್ತದೆಯೇ ಎಂಬುದನ್ನಲ್ಲ, ಎರಡನೆಯ ಗುಂಡು ಮೊದಲನೆಯದು ಹೋದ ಕಡೆಗೇ ಹೋಗುತ್ತದೆಯೇ ಎಂಬುದನ್ನು. ಹೋದರೆ ಅದು ಆಟಗಾರನನ್ನು ಸಂತೋಷಪಡಿಸಲು ಹೇಳಿದ ಸುಳ್ಳು.

ಒಂಬತ್ತು ಸೆಕೆಂಡುಗಳ ಯುದ್ಧ

ಭಾರಿ ಫಿರಂಗಿಗೆ ಭಾರಿ ಗುಂಡು, ಭಾರಿ ಗುಂಡಿಗೆ ಹೆಚ್ಚು ಜಾಗ. ಆದ್ದರಿಂದ ಒಯ್ಯಬಹುದಾದ ಗುಂಡುಗಳು ಕಡಿಮೆ. ಜರ್ಮನರ ಯುಂಕರ್ಸ್ 87-ಜಿ ವಿಮಾನ ಟ್ಯಾಂಕುಗಳ ಮೇಲೆ ಎರಗುತ್ತಿದ್ದುದು ತನ್ನ ಎರಡು 37 ಮಿ.ಮೀ. ಫಿರಂಗಿಗಳಲ್ಲಿ ತಲಾ 12 ಗುಂಡು ಇಟ್ಟುಕೊಂಡು. ಅಮೆರಿಕದ ಏರಾಕೋಬ್ರಾದ 37 ಮಿ.ಮೀ. ಫಿರಂಗಿಗೆ 30 ಗುಂಡು. ಅಮೆರಿಕದ ಬಿ-25 ಬಾಂಬರಿನ ಎರಡು ಬಗೆಗಳಲ್ಲಿ 75 ಮಿ.ಮೀ. ತೋಪೇ ಇತ್ತು, ಅದಕ್ಕೆ 21 ಗುಂಡು, ಒಂದೊಂದನ್ನೂ ಸಿಬ್ಬಂದಿಯೊಬ್ಬ ಕೈಯಿಂದಲೇ ತುಂಬಬೇಕು.

ಈಗ ನಮ್ಮ ಜರ್ಮನ್ ಜೆಟ್ ವಿಮಾನಕ್ಕೆ, ಅಂದರೆ 1944ರಲ್ಲಿ ಯುದ್ಧಕ್ಕಿಳಿದ ಮೆಸರ್‌ಶ್ಮಿಟ್ 262ಕ್ಕೆ ಮರಳೋಣ. ಅದರ ಮೂತಿಯಲ್ಲಿ ನಾಲ್ಕು ಎಂ.ಕೆ. 108 ಫಿರಂಗಿಗಳು. ಎರಡಕ್ಕೆ ತಲಾ 100, ಉಳಿದೆರಡಕ್ಕೆ ತಲಾ 80 ಗುಂಡು. ನಿಮಿಷಕ್ಕೆ ಸುಮಾರು 650 ಗುಂಡು ಹಾರಿಸುವ ಫಿರಂಗಿಯಲ್ಲಿ 100 ಗುಂಡು ಮುಗಿಯಲು ಒಂಬತ್ತು ಸೆಕೆಂಡು ಸಾಕು. ಗಂಟೆಗಟ್ಟಲೆ ತರಬೇತಿ, ದುರ್ಲಭವಾದ ಇಂಧನ, ಅಪಾಯದ ಹಾರಾಟ ಎಲ್ಲವೂ ಈ ಒಂಬತ್ತು ಸೆಕೆಂಡಿಗಾಗಿ.

ಅದೂ ಒಮ್ಮೆಲೇ ಸಿಗುತ್ತಿರಲಿಲ್ಲ. ಜೆಟ್ಟಿನ ವೇಗ ಗಂಟೆಗೆ 800 ಕಿ.ಮೀ., ಬಾಂಬರಿನದು 300 ಎಂದುಕೊಂಡರೆ ನಡುವಿನ ಅಂತರ ಸೆಕೆಂಡಿಗೆ 139 ಮೀಟರಿನಂತೆ ಕರಗುತ್ತದೆ. 600 ಮೀಟರ್ ದೂರದಿಂದ ಹಾರಿಸಲು ಶುರುಮಾಡಿ 150 ಮೀಟರಿನಲ್ಲಿ ಪಕ್ಕಕ್ಕೆ ತಿರುಗದಿದ್ದರೆ ಡಿಕ್ಕಿ. ಅಂದರೆ ಕೈಗೆ ಸಿಗುವ ಕಾಲ ಮೂರು ಸೆಕೆಂಡಿನಷ್ಟು. ಎಣಿಸಿ ನೋಡಿ: ಒಂದು, ಎರಡು, ಮೂರು. ಅಷ್ಟೇ. ಆಟದಲ್ಲಿ ‘ಮುಗಿಯದ ಗುಂಡು’ ಎಂಬ ಸೌಲಭ್ಯವನ್ನು ಆಯ್ದುಕೊಂಡವನಿಗೆ ಈ ಮೂರು ಸೆಕೆಂಡಿನ ಬೆಲೆ ಎಂದೂ ತಿಳಿಯದು.

ಇನ್ನೊಂದು ಮಾತು. ನಾವು ಗುಂಡಿ ಒತ್ತಿದಾಗ ಪರದೆಯ ಫಿರಂಗಿ ಹಾರಿಯೇ ಹಾರುತ್ತದೆ. ನಿಜವಾದ ಫಿರಂಗಿಗಳು ಕೈಕೊಡುತ್ತಿದ್ದವು. ಮೆಸರ್‌ಶ್ಮಿಟ್ ತೀವ್ರವಾಗಿ ತಿರುಗುತ್ತಿರುವಾಗ ಹಾರಿಸಿದರೆ ಗುಂಡುಗಳ ಪಟ್ಟಿ ಕಡಿದು ಫಿರಂಗಿ ಸ್ತಬ್ಧವಾಗುವುದಿತ್ತು. ದೂರದ ಉದಾಹರಣೆಯೇ ಏಕೆ? 1965ರ ಯುದ್ಧದಲ್ಲಿ ಹೆಸರು ಮಾಡಿದ ನಮ್ಮ ವಾಯುಪಡೆಯ ಪುಟ್ಟ ನ್ಯಾಟ್ ವಿಮಾನವನ್ನು ನೆನೆಯಿರಿ. ಬ್ರಿಟನ್ನಿನ ಫೋಲೆಂಡ್ ಸಂಸ್ಥೆಯ ಈ ವಿಮಾನವನ್ನು ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆ. ಅದರಲ್ಲಿ ಎರಡು 30 ಮಿ.ಮೀ. ಏಡೆನ್ ಫಿರಂಗಿಗಳಿದ್ದವು. 1965ರ ಸೆಪ್ಟೆಂಬರ್ 3ರ ಕಾದಾಟದಲ್ಲಿ ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ಅವರಿಗೆ ವೀರಚಕ್ರ ತಂದುಕೊಟ್ಟದ್ದು ಈ ವಿಮಾನವೇ. ಆದರೆ ಆ ಯುದ್ಧದಲ್ಲಿ ನ್ಯಾಟಿನ ಫಿರಂಗಿಗಳು ನಡುವೆಯೇ ಸಿಕ್ಕಿಕೊಂಡು ನಿಲ್ಲುವ ತೊಂದರೆ ಮತ್ತೆಮತ್ತೆ ಕಾಡಿತು. ಶತ್ರುವಿನ ಬೆನ್ನ ಹಿಂದೆ ಪ್ರಾಣವನ್ನೇ ಪಣವಿಟ್ಟು ಬಂದು ಗುಂಡಿ ಒತ್ತಿದಾಗ ಏನೂ ಆಗದಿದ್ದರೆ? ಆ ಮೌನವನ್ನು ಬಹುತೇಕ ಆಟಗಳು ಬಿಟ್ಟುಬಿಡುತ್ತವೆ. ಆಟಗಾರನಿಗೆ ಬೇಸರವಾದೀತೆಂಬ ಭಯ ಅವಕ್ಕೆ.

ಕೆಡವಿದ್ದೆಷ್ಟು, ಕೆಡವಿದೆವೆಂದು ಹೇಳಿದ್ದೆಷ್ಟು?

ಇಲ್ಲಿಂದ ಮುಂದೆ ಭೌತಶಾಸ್ತ್ರ ಸಾಲದು. ದಾಖಲೆಗಳನ್ನು ಓದುವ ವಿದ್ಯೆ ಬೇಕು. ಆಟದಲ್ಲಿ ನೀವು ಹೊಡೆದದ್ದು ಬಿತ್ತೋ ಇಲ್ಲವೋ ಎಂದು ಯಂತ್ರ ತಕ್ಷಣ ಹೇಳುತ್ತದೆ. ನಿಜವಾದ ವೈಮಾನಿಕನಿಗೆ ಹಾಗೆ ಹೇಳುವವರಿರಲಿಲ್ಲ. ಹೊಗೆ ಕಂಡಿತು, ಜ್ವಾಲೆ ಕಂಡಿತು, ಅವನು ಮೇಲಕ್ಕೆ ಹಾರಿಹೋದ. ಮರಳಿ ಬಂದು ‘ಒಂದು ಟ್ಯಾಂಕ್ ನಾಶ’ ಎಂದು ವರದಿ ಕೊಟ್ಟ. ಅವನು ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿದ.

1944ರ ಆಗಸ್ಟಿನಲ್ಲಿ ಫ್ರಾನ್ಸಿನ ಮಾರ್ಟೇನ್ ಊರಿನ ಬಳಿ ಜರ್ಮನ್ ಟ್ಯಾಂಕುಗಳ ಮೇಲೆ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಫಿರಂಗಿ, ರಾಕೆಟ್ಟುಗಳಿಂದ ದಾಳಿ ಮಾಡಿದವು. ನೂರಕ್ಕೂ ಹೆಚ್ಚು ಟ್ಯಾಂಕುಗಳನ್ನು ನಾಶಮಾಡಿದೆವು ಎಂದು ವೈಮಾನಿಕರು ವರದಿ ಮಾಡಿದರು. ಯುದ್ಧ ಮುಂದೆ ಸರಿದ ಮೇಲೆ ಬ್ರಿಟಿಷ್ ಸೇನೆಯ ಸಂಶೋಧನಾ ತಂಡವೊಂದು ಆ ಹೊಲಗಳಲ್ಲಿ ನಡೆದು ಪ್ರತಿಯೊಂದು ಟ್ಯಾಂಕಿನ ಅವಶೇಷವನ್ನೂ ಪರೀಕ್ಷಿಸಿತು. ಸಿಕ್ಕ ಟ್ಯಾಂಕುಗಳೂ ಸ್ವಯಂಚಾಲಿತ ತೋಪುಗಳೂ ಸೇರಿ 46. ಅವುಗಳಲ್ಲಿ ವಿಮಾನದ ಶಸ್ತ್ರಗಳಿಂದ ನಾಶವಾದವು ಒಂಬತ್ತು ಮಾತ್ರ. ಆದರೂ ವಿಮಾನಗಳ ಶ್ರಮ ವ್ಯರ್ಥವಾಗಲಿಲ್ಲ. ದಾಳಿಯ ಭೀತಿಗೆ ಸಿಬ್ಬಂದಿ ಚೆನ್ನಾಗಿದ್ದ ಟ್ಯಾಂಕುಗಳನ್ನೇ ಬಿಟ್ಟು ಓಡಿದ್ದರು. ಫಿರಂಗಿ ಮುರಿದದ್ದು ಉಕ್ಕಿಗಿಂತ ಹೆಚ್ಚಾಗಿ ಮನುಷ್ಯರ ಧೈರ್ಯವನ್ನು. ಇದನ್ನು ಯಾವ ಅಂಕದಲ್ಲಿ ತೋರಿಸುವಿರಿ?

ನಮ್ಮ ಇತಿಹಾಸದಲ್ಲೂ ಹೀಗೆ ವಿವೇಚನೆಯಿಂದ ಓದಬೇಕಾದ ಪುಟಗಳಿವೆ. 1971ರ ನವೆಂಬರ್ 22ರಂದು ಬೊಯ್ರಾ ಎಂಬಲ್ಲಿ ನಾಲ್ಕು ನ್ಯಾಟ್‌ಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದವು. ಮೆಸ್ಸಿ, ಗಣಪತಿ, ಲಾಜರಸ್ ಎಂಬ ಮೂವರು ವೈಮಾನಿಕರು ಮೂರು ಸೇಬರುಗಳನ್ನು ಹೊಡೆದರೆಂದು ನಮ್ಮ ದಾಖಲೆ ಹೇಳಿತು. ಪಾಕಿಸ್ತಾನ ಎರಡು ನಷ್ಟವನ್ನು ಒಪ್ಪಿತು. ಪೆಟ್ಟು ತಿಂದ ಮೂರನೆಯದು ಹೇಗೋ ಮರಳಿತೆಂದಿತು. ಇದರಿಂದ ನಮ್ಮವರ ಶೌರ್ಯಕ್ಕೆ ಕುಂದಿಲ್ಲ. ಎರಡೂ ಕಡೆಯ ಪುಟಗಳನ್ನು ಎದುರುಬದುರು ಇಟ್ಟು ಓದಿದಾಗಲೇ ಘಟನೆ ಪೂರ್ತಿಯಾಗುತ್ತದೆ. ಆಟ ತಯಾರಿಸುವವರು ಒಂದು ಕಡೆಯ ವರದಿಯನ್ನಷ್ಟೇ ನಂಬಿ ಫಿರಂಗಿಯ ಬಲ ನಿಗದಿಮಾಡಿದರೆ, ಆ ತಪ್ಪು ಲಕ್ಷಾಂತರ ಹುಡುಗರ ತಲೆಯಲ್ಲಿ ಇತಿಹಾಸವಾಗಿ ಕೂರುತ್ತದೆ.

ಇದಕ್ಕೆ ಒಂದು ನಿದರ್ಶನ: ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಕೊಟ್ಟ ಏರಾಕೋಬ್ರಾ ವಿಮಾನಗಳು 37 ಮಿ.ಮೀ. ಫಿರಂಗಿಯಿಂದ ಟ್ಯಾಂಕುಗಳನ್ನು ಬೇಟೆಯಾಡಿದವು ಎಂದು ಅನೇಕ ಪುಸ್ತಕಗಳು ಬರೆದವು, ಆಟಗಳೂ ತೋರಿಸಿದವು. ಆದರೆ ಉಕ್ಕು ಭೇದಿಸುವ ಗುಂಡುಗಳನ್ನು ಆ ವಿಮಾನಗಳಿಗೆ ಅಮೆರಿಕ ಪೂರೈಸಲೇ ಇಲ್ಲ. ಸೋವಿಯತ್ ವೈಮಾನಿಕರು ಅವನ್ನು ಮುಖ್ಯವಾಗಿ ಬಳಸಿದ್ದು ಆಕಾಶದ ಕಾದಾಟಕ್ಕೆ. ಗುಂಡಿನ ಪೆಟ್ಟಿಗೆಯ ಪಟ್ಟಿಯನ್ನು ನೋಡಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ಬರ್ಲಿನ್ನಿನಿಂದ ಬೆಂಗಳೂರಿಗೆ

ಈ ಫಿರಂಗಿಗಳ ವಂಶಾವಳಿ ನಮ್ಮೂರಿನವರೆಗೂ ಬರುತ್ತದೆ ಎಂದರೆ ಆಶ್ಚರ್ಯಪಡುವಿರಾ? ಯುದ್ಧದ ಕೊನೆಯಲ್ಲಿ ಜರ್ಮನಿಯ ಮೌಸರ್ ಸಂಸ್ಥೆ ರಿವಾಲ್ವರಿನಂತೆ ತಿರುಗುವ ಗುಂಡುಕೋಶಗಳ ಹೊಸ ಫಿರಂಗಿಯೊಂದನ್ನು ರೂಪಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಆ ವಿನ್ಯಾಸ ಗೆದ್ದವರ ಕೈಸೇರಿತು. ಅದರಿಂದ ಬ್ರಿಟಿಷರು ಏಡೆನ್ ಫಿರಂಗಿ ಮಾಡಿದರು, ಫ್ರೆಂಚರು ಡೆಫಾ ಮಾಡಿದರು. ಏಡೆನ್ನಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 790 ಮೀಟರ್. ನಿಮಿಷಕ್ಕೆ 1,200ಕ್ಕೂ ಹೆಚ್ಚು ಗುಂಡು. ಎಂ.ಕೆ. 108ರ ನಿಧಾನದ ಪಾಠವನ್ನು ಕಲಿತೇ ಇದನ್ನು ಮಾಡಿದಂತಿದೆ.

ಜರ್ಮನಿಯ ಫೋಕೆ-ವುಲ್ಫ್ 190 ವಿಮಾನವನ್ನು ವಿನ್ಯಾಸಗೊಳಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಭಾರತಕ್ಕೆ ಬಂದರು. ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಎಚ್.ಎಫ್.-24 ಮಾರುತ್ ಸಿದ್ಧವಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. ಮಾರುತ್‌ನ ಮೂತಿಯಲ್ಲಿ ನಾಲ್ಕು ಏಡೆನ್ ಫಿರಂಗಿಗಳು. ನಾಲ್ಕನ್ನೂ ಒಟ್ಟಿಗೆ ಹಾರಿಸಿದಾಗ ಉಂಟಾಗುತ್ತಿದ್ದ ಕಂಪನ ನಮ್ಮ ಎಂಜಿನಿಯರುಗಳಿಗೆ ತಲೆನೋವಾಯಿತು. ಹಿಂದೊದೆತದ ಪಾಠ ಪುಸ್ತಕದಿಂದ ಎದ್ದು ಬೆಂಗಳೂರಿನ ಕಾರ್ಖಾನೆಗೇ ಬಂದಿತ್ತು. 1971ರ ಡಿಸೆಂಬರ್ 5ರಂದು ರಾಜಸ್ಥಾನದ ಲೊಂಗೇವಾಲದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದ ನಮ್ಮ ಹಂಟರ್ ವಿಮಾನಗಳಲ್ಲೂ ಇದೇ ಫಿರಂಗಿಗಳಿದ್ದವು.

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲೂ ಎಚ್.ಎ.ಎಲ್. ಪಾರಂಪರಿಕ ಕೇಂದ್ರದಲ್ಲೂ ಮಾರುತ್ ವಿಮಾನವನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಅವಕಾಶವಾದಾಗ ಹೋಗಿ ನೋಡಿ. ಮೂತಿಯ ಇಕ್ಕೆಲಗಳಲ್ಲಿರುವ ನಳಿಕೆಯ ಕಂಡಿಗಳನ್ನು ಗಮನಿಸಿ. ಪರದೆಯ ಮೇಲೆ ಬೆರಳಿನಷ್ಟಾಗಿ ಕಾಣುವ ವಿಮಾನ ಎಷ್ಟು ದೊಡ್ಡದು, ಅದರೊಳಗೆ ಮನುಷ್ಯ ಕೂರುವ ಜಾಗ ಎಷ್ಟು ಚಿಕ್ಕದು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಆಟದಲ್ಲಿ ಇಲ್ಲದ್ದು

ಕೊನೆಯದಾಗಿ ಒಂದು ಮಾತು. ಮೆಸರ್‌ಶ್ಮಿಟ್ 262ರ ಫಿರಂಗಿಯ ಗುಂಡಿನ ತೂಕವನ್ನು ಇಂದಿನ ಆಟಗಳು ಗ್ರಾಂ ಲೆಕ್ಕದಲ್ಲಿ ಸರಿಯಾಗಿ ತೋರಿಸುತ್ತವೆ. ಆದರೆ ಆ ವಿಮಾನವನ್ನು ಮಾಡಿದವರು ಯಾರು? ಅದರ ಒಡಲಿನ ಭಾಗಗಳು ತಯಾರಾದ ಜಾಗಗಳಲ್ಲಿ ಆಸ್ಟ್ರಿಯದ ಗುಸೆನ್ ಸೆರೆಶಿಬಿರದ ಬಳಿ ನೆಲದಡಿಯಲ್ಲಿ ಕೊರೆದ ಸುರಂಗಗಳೂ ಸೇರಿದ್ದವು. ಸುರಂಗ ತೋಡಿದವರೂ ಒಳಗೆ ದುಡಿದವರೂ ನಾಜಿಗಳ ಕೈದಿಗಳು. ಹಸಿವಿನಿಂದ, ಹೊಡೆತದಿಂದ, ದುಡಿತದಿಂದ ಅವರಲ್ಲಿ ಸಾವಿರಾರು ಜನ ಅಲ್ಲೇ ಸತ್ತರು. ಎದುರಿಗಿದ್ದ ಬಿ-17ರಲ್ಲಿ ಹತ್ತು ಜನರಿದ್ದರು. ಅವರಲ್ಲಿ ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು, ಎಂದರೆ ಹೆಚ್ಚು ಕಡಿಮೆ ನಿಮ್ಮದೇ ವಯಸ್ಸಿನವರು. ಆ ಬಾಂಬರುಗಳು ಹೊತ್ತ ಬಾಂಬುಗಳ ಕೆಳಗೆ ಊರುಗಳಿದ್ದವು, ಮನೆಗಳಿದ್ದವು.

ಹಾಗೆಂದು ಆಟವಾಡಬೇಡಿ ಎಂದು ನಾನು ಹೇಳುವುದಿಲ್ಲ. ಗುಂಡು ಬಾಗುವ ಬಗೆ, ಹಿಂದೊದೆತದ ರೀತಿ, ಮೂರು ಸೆಕೆಂಡಿನ ಅವಸರ ಇವನ್ನು ಪುಸ್ತಕಕ್ಕಿಂತ ಚೆನ್ನಾಗಿ ಒಂದು ಒಳ್ಳೆಯ ಆಟ ಕಲಿಸಬಲ್ಲದು. ಅಳೆಯಬಹುದಾದದ್ದರಲ್ಲಿ ಅದು ನಂಬಿಗಸ್ತ ಗುರು. ಆದರೆ ಅಳೆಯಲಾಗದ್ದನ್ನು ಅದು ಬಿಟ್ಟುಬಿಟ್ಟಿದೆ ಎಂಬುದನ್ನು ಮರೆಯಬೇಡಿ. ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಗ್ರಂಥಾಲಯವಿದೆ, ವಸ್ತುಸಂಗ್ರಹಾಲಯವಿದೆ, ಯುದ್ಧ ಕಂಡ ನಿವೃತ್ತ ಯೋಧರು ನಿಮ್ಮ ಊರಿನಲ್ಲೂ ಇದ್ದಾರು.

ಮುಂದಿನ ಸಲ ಪರದೆಯ ಮೇಲೆ ಬಾಂಬರಿನ ರೆಕ್ಕೆ ಮುರಿದಾಗ ಅಂಕ ನೋಡುವ ಮೊದಲು ಒಂದು ಕ್ಷಣ ತಡೆಯಿರಿ. ಆ ವಿಮಾನದಿಂದ ಎಷ್ಟು ಪ್ಯಾರಾಚೂಟುಗಳು ಹೊರಬಂದವು ಎಂದು ಎಣಿಸಿ. ಅಂದಿನ ವೈಮಾನಿಕರು, ಎರಡೂ ಕಡೆಯವರು, ನಿಜವಾಗಿಯೂ ಹಾಗೆ ಎಣಿಸುತ್ತಿದ್ದರು.